ಬಣ್ಣ ನಂಬಿ ಹೆಸರಿಟ್ಟ ಸ್ಪ್ರಿಂಗ್‌ಟೇಲ್: ಗುರುತು ಎಲ್ಲಿ ತಪ್ಪುತ್ತದೆ, ಹೇಗೆ ಸರಿಪಡಿಸುವುದು

ಮಂಗಳೂರು, ಉಡುಪಿ ಕಡೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸ್ಪ್ರಿಂಗ್‌ಟೇಲ್, ಅಂದರೆ ಹೊಟ್ಟೆಯಡಿ ಮಡಚಿಟ್ಟ ಕವಲು ಬಾಲದಿಂದ (ಚಿಮ್ಮುಬಾಲ) ಚಿಮ್ಮಿ ಹಾರುವ ಆರು ಕಾಲಿನ ಪುಟ್ಟ ಜೀವಿ, ಹುಡುಕಿಕೊಂಡು ಹೋಗಬೇಕಾಗಿಲ್ಲ. ಪಾಚಿ ಕಟ್ಟಿದ ಮುರಕಲ್ಲಿನ ಪಾಗಾರ, ಬಾವಿಕಟ್ಟೆ, ಅಡಿಕೆ ಮರದ ಬುಡದಲ್ಲಿ ಕೊಳೆಯುತ್ತಿರುವ ಹಾಳೆ, ಹೂಕುಂಡದ ಅಡಿಯ ತಟ್ಟೆ, ಬಚ್ಚಲಿನ ಮೂಲೆ, ಎಲ್ಲ ಕಡೆಯೂ ಇವೆ. ಕಷ್ಟ ಶುರುವಾಗುವುದು ಹೆಸರಿಡುವಾಗ. ಹೆಚ್ಚಿನವರು ಬೆನ್ನಿನ ಪಟ್ಟೆ ನೋಡುತ್ತಾರೆ, ಅಂಥದೇ ಪಟ್ಟೆಯ ಚಿತ್ರ ಹುಡುಕುತ್ತಾರೆ, ಸಿಕ್ಕಿದ ಹೆಸರನ್ನು ಅಂಟಿಸಿಬಿಡುತ್ತಾರೆ. ತಪ್ಪಾಗುವುದು ಈ ಅನುಕ್ರಮದಿಂದಲೇ. ಮೊದಲು ಮೈಯ ಆಕಾರ, ಆಮೇಲೆ ಖಂಡಗಳ ಅಳತೆ, ಮೈಮೇಲೆ ಹುರುಪೆ (ಸುಲಭವಾಗಿ ಉದುರುವ ತೆಳು ಬಿಲ್ಲೆಗಳು) ಇದೆಯೋ ಇಲ್ಲವೋ, ಕಣ್ಣೆಷ್ಟು, ಚಿಮ್ಮುಬಾಲದ ತುದಿ ಹೇಗಿದೆ ಎಂದು ನೋಡಬೇಕು. ಇವೆಲ್ಲ ಸೇರಿ ಕುಲ ಯಾವುದೆಂದು ಹೇಳಿದ ಮೇಲಷ್ಟೇ ಪಟ್ಟೆಯ ಮಾತಿಗೆ ಬೆಲೆ. ಮುಂದೆ ಬರುವುದೆಲ್ಲ ಸಾಮಾನ್ಯವಾಗಿ ಎಡವುವ ಜಾಗಗಳು. ನಿಮ್ಮ ತೊಂದರೆ ಯಾವುದೋ ಅಲ್ಲಿಂದಲೇ ಓದಬಹುದು.

ಬೇಕಾದ ಸಾಮಾನು ಹೆಚ್ಚಿಲ್ಲ. ತೋಟದಲ್ಲಿ 10 ಅಥವಾ 20 ಪಟ್ಟು ಹಿಗ್ಗಿಸುವ ಕೈಮಸೂರ ಸಾಕು. ಖಂಡ ಎಣಿಸಲು 40 ಪಟ್ಟಿನ ಸ್ಟೀರಿಯೋ ಮೈಕ್ರೋಸ್ಕೋಪ್ ಬೇಕು. ಉಗುರು, ಬಾಲದ ತುದಿ ನೋಡಲು 400 ಪಟ್ಟಿನ ಸಾಮಾನ್ಯ ಕಾಲೇಜು ಮೈಕ್ರೋಸ್ಕೋಪ್ ಆಗುತ್ತದೆ. ಜೊತೆಗೆ ಮೂರು ಸೊನ್ನೆಯ ಪೇಂಟಿಂಗ್ ಬ್ರಷ್, 70ರಿಂದ 80 ಶೇಕಡಾ ಆಲ್ಕೋಹಾಲ್, ಲ್ಯಾಕ್ಟಿಕ್ ಆಮ್ಲ, ಗುಂಡಿಯಿರುವ ಗಾಜಿನ ಸ್ಲೈಡ್. ಕೈಯಲ್ಲಿರುವುದು 95 ಶೇಕಡಾ ಎಥನಾಲ್ ಆದರೆ 80 ಮಿಲಿಗೆ 15 ಮಿಲಿ ನೀರು ಬೆರೆಸಿದರೆ ಹೆಚ್ಚುಕಡಿಮೆ 80 ಶೇಕಡಾ ಆಗುತ್ತದೆ.

ಇದು ಸ್ಪ್ರಿಂಗ್‌ಟೇಲ್ ಹೌದೇ?

ಹಾರಿತು ಎಂದಾಕ್ಷಣ ಸ್ಪ್ರಿಂಗ್‌ಟೇಲ್ ಅಲ್ಲ, ಹಾರಲಿಲ್ಲ ಎಂದಾಕ್ಷಣ ಬೇರೆಯೂ ಅಲ್ಲ. ಎಲೆಯ ಮೇಲಿನ ಜಿಗಿಹುಳುವಿನ ಮರಿಯೂ ಹಾರುತ್ತದೆ. ಮಣ್ಣಿನ ಆಳದಲ್ಲಿರುವ ಎಷ್ಟೋ ಸ್ಪ್ರಿಂಗ್‌ಟೇಲ್‌ಗಳಿಗೆ ಚಿಮ್ಮುಬಾಲವೇ ಇಲ್ಲ, ಇದ್ದರೂ ಮೋಟು. ನಂಬಬಹುದಾದ ಗುರುತು ಹೊಟ್ಟೆಯ ಕೆಳಗಿದೆ. ಹಿಂಗಾಲುಗಳ ಹಿಂದೆಯೇ, ಉದರದ ಮೊದಲ ಖಂಡದ ಅಡಿಯಲ್ಲಿ, ಒಂದು ಮೊಂಡು ಕೊಳವೆ ಚಾಚಿರುತ್ತದೆ. ಇದಕ್ಕೆ ಕಾಲೋಫೋರ್ ಎನ್ನುತ್ತಾರೆ. ನೀರು ಹೀರುವುದು, ನುಣುಪು ಜಾಗದಲ್ಲಿ ಅಂಟಿಕೊಳ್ಳುವುದು ಇದರ ಕೆಲಸ. ಇದು ಬೇರೆ ಯಾವ ಹುಳುವಿಗೂ ಇಲ್ಲ. ಮಗುಚಿ ನೋಡಿ, ಇದ್ದರೆ ಅನುಮಾನ ಮುಗಿಯಿತು.

ಇಲ್ಲಿನ ಮನೆಗಳಲ್ಲಿ ಅತಿ ಹೆಚ್ಚು ಗೊಂದಲ ಮಾಡುವುದು ಪುಸ್ತಕದ ಹೇನು. ಹಳೆಯ ಕಾಗದ, ಅಕ್ಕಿ ಡಬ್ಬಿ, ಮಳೆಗಾಲದಲ್ಲಿ ಬೂಸ್ಟು ಹಿಡಿದ ಕಪಾಟು ಅದರ ಜಾಗ. ಅದರ ಕುಡಿಮೀಸೆ ದಾರದಂತೆ ಉದ್ದ, ಹತ್ತಕ್ಕಿಂತ ಹೆಚ್ಚು ಗಂಟು. ಸ್ಪ್ರಿಂಗ್‌ಟೇಲ್‌ಗೆ ಸಾಮಾನ್ಯವಾಗಿ ನಾಲ್ಕೇ ಗಂಟು, ಕೆಲವು ಕುಲಗಳಲ್ಲಿ ಐದು ಅಥವಾ ಆರು. ಡಿಪ್ಲೂರಾ ಎಂಬ ಬಿಳಿ ಮಣ್ಣುಹುಳುವನ್ನೂ ಇದೇ ಎಂದುಕೊಳ್ಳುವುದುಂಟು. ಅದರ ಎರಡು ಬಾಲ ಮೈಯ ತುತ್ತತುದಿಯಿಂದ ಹೊರಟಿರುತ್ತವೆ. ಸ್ಪ್ರಿಂಗ್‌ಟೇಲ್‌ನ ಕವಲು ಉದರದ ನಾಲ್ಕನೇ ಖಂಡದ ಅಡಿಯಿಂದ ಬಂದು ಮುಂದಕ್ಕೆ ಮಡಚಿ ಕೂತಿರುತ್ತದೆ. ಸತ್ತ ಮೇಲೆ ಕೊಕ್ಕೆ ಬಿಟ್ಟು ಹಿಂದಕ್ಕೆ ಚಾಚುವುದರಿಂದ ಬಾಲದಂತೆ ಕಾಣುತ್ತದೆ. ಎಂಟು ಕಾಲಿದ್ದರೆ ಅದು ನುಸಿ, ಬಿಟ್ಟುಬಿಡಿ.

ಆಕಾರದಲ್ಲಿ ನಾಲ್ಕು ಗಣ

ಇಲ್ಲಿ ಹೆಚ್ಚು ಹೊತ್ತು ಬೇಡ. ಉದ್ದ ಮೈ, ಗಿಡ್ಡ ಕಾಲು, ನಿಧಾನ ನಡೆ, ತಲೆಯ ಹಿಂದಿನ ಮೊದಲ ಎದೆಖಂಡ ಮೇಲಿನಿಂದ ಸ್ಪಷ್ಟವಾಗಿ ಕಂಡು ಅದರ ಮೇಲೆ ರೋಮಗಳಿದ್ದರೆ ಪೋಡುರೋಮಾರ್ಫಾ. ಉದ್ದ ಮೈ, ಓಟ ಹೆಚ್ಚು, ಮೊದಲ ಎದೆಖಂಡ ಎರಡನೆಯದರ ಅಡಿ ಮರೆಯಾಗಿದ್ದರೆ ಎಂಟೊಮೊಬ್ರಯೋಮಾರ್ಫಾ. ಮೈ ಉಂಡೆಯಾಗಿ, ಖಂಡಗಳು ಬೆಸೆದುಕೊಂಡು, ಕುಡಿಮೀಸೆ ತಲೆಗಿಂತ ಉದ್ದವಿದ್ದರೆ ಸಿಂಫಿಪ್ಲಿಯೋನಾ. ಉಂಡೆಯೇ, ಆದರೆ ಅರ್ಧ ಮಿಲಿಮೀಟರಿನ ಆಸುಪಾಸು, ಕಣ್ಣಿಲ್ಲ, ಕುಡಿಮೀಸೆ ತಲೆಗಿಂತ ಗಿಡ್ಡ ಎಂದಾದರೆ ನೀಲಿಪ್ಲಿಯೋನಾ. ಇದು ಕೈಮಸೂರಕ್ಕೆ ಸಿಗುವುದಲ್ಲ, ಮಣ್ಣು ಸೋಸಿದಾಗ ಮಾತ್ರ ಸಿಗುತ್ತದೆ.

ಖಂಡ ಎಣಿಕೆ ಒಂದು ತಪ್ಪಿದರೆ ಕುಟುಂಬವೇ ತಪ್ಪುತ್ತದೆ

ತಪ್ಪು ಗುರುತಿನ ದೊಡ್ಡ ಪಾಲು ಇಲ್ಲಿಂದ ಬರುತ್ತದೆ, ಆದರೆ ಯಾರಿಗೂ ಅನುಮಾನ ಬರುವುದಿಲ್ಲ. ಎಂಟೊಮೊಬ್ರಯೋಮಾರ್ಫಾ ಗಣದಲ್ಲಿ ಉದರದ ಮೂರನೇ ಮತ್ತು ನಾಲ್ಕನೇ ಖಂಡಗಳ ಉದ್ದದ ಅನುಪಾತ ಮುಖ್ಯ. ಎರಡೂ ಹೆಚ್ಚುಕಡಿಮೆ ಸಮವಿದ್ದರೆ ಐಸೊಟೊಮಿಡೇ ಕುಟುಂಬ. ನಾಲ್ಕನೆಯದು ಮೂರನೆಯದರ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚಿದ್ದರೆ ಎಂಟೊಮೊಬ್ರಯಿಡೇ ಅಥವಾ ಪ್ಯಾರೊನೆಲ್ಲಿಡೇ ಕಡೆಗೆ ಹೋಗಬೇಕು. ಎಣಿಸುವವರು ತಲೆಯ ಹಿಂದೆ ಮೊದಲು ಕಾಣುವ ಫಲಕವನ್ನು ಎದೆಯ ಒಂದನೇ ಖಂಡ ಎಂದುಕೊಳ್ಳುತ್ತಾರೆ. ಈ ಗಣದಲ್ಲಿ ಒಂದನೆಯದು ಮೇಲಿನಿಂದ ಕಾಣುವುದೇ ಇಲ್ಲ. ಕಾಣುವ ಮೊದಲ ಫಲಕ ಎದೆಯ ಎರಡನೆಯದು. ಅಲ್ಲಿಂದ ಲೆಕ್ಕ ಹಾಕಿದರೆ ತಲೆಯ ಹಿಂದೆ ಒಟ್ಟು ಎಂಟು ಫಲಕ: ಎದೆಯ ಎರಡು, ಉದರದ ಆರು. ಆ ಉದ್ದನೆಯ ಫಲಕ ಆರನೆಯದಾಗಿ ಬಂದರೆ ಎಣಿಕೆ ಸರಿ.

ಮೇಲಿನ ಎಣಿಕೆಯನ್ನು ಕೆಳಗಿನಿಂದ ತಾಳೆ ನೋಡುವುದು ಸುಲಭ. ನಡುಗಾಲು ಇರುವುದು ಎದೆಯ ಎರಡನೇ ಖಂಡದಲ್ಲಿ, ಹಿಂಗಾಲು ಮೂರನೆಯದರಲ್ಲಿ. ಕಾಲಿಲ್ಲದ ಮೊದಲ ಖಂಡವೇ ಉದರದ ಒಂದನೆಯದು, ಅದರಡಿ ಕಾಲೋಫೋರ್ ಇರಲೇಬೇಕು. ಎರಡು ಎಣಿಕೆ ಒಂದಾಗದಿದ್ದರೆ ಮೇಲಿನದನ್ನು ಬಿಟ್ಟು ಕೆಳಗಿನದನ್ನು ನಂಬಿ.

ಅಳೆಯುವಾಗ ಇನ್ನೊಂದು ಮೋಸವಿದೆ. ಆಲ್ಕೋಹಾಲ್‌ನಲ್ಲಿ ಕೆಲವು ಮೈ ಉಬ್ಬಿ, ಫಲಕಗಳ ನಡುವಿನ ತೆಳು ಪೊರೆ ಹಿಗ್ಗುತ್ತದೆ. ಕೆಲವು ಸಂಕುಚಿಸಿ ಒಂದರೊಳಗೊಂದು ತೂರಿಕೊಳ್ಳುತ್ತವೆ. ಬೆನ್ನಿನ ನಡುಗೆರೆಯ ಮೇಲೆ ಗಟ್ಟಿ ಫಲಕದ ಉದ್ದ ಮಾತ್ರ ಅಳೆಯಬೇಕು, ಪೊರೆಯನ್ನು ಸೇರಿಸಬಾರದು. ಕನಿಷ್ಠ ಐದಾರು ಬಲಿತ ಜೀವಿಗಳನ್ನು ಅಳೆದರೆ ಒಂದೆರಡು ಸೊಟ್ಟವಾಗಿದ್ದರೂ ಲೆಕ್ಕ ಕೆಡುವುದಿಲ್ಲ.

ನಾಲ್ಕನೇ ಖಂಡ ಉದ್ದವಿದೆ ಎಂದು ಖಚಿತವಾದ ಮೇಲೆ ಎಂಟೊಮೊಬ್ರಯಿಡೇಯೋ ಪ್ಯಾರೊನೆಲ್ಲಿಡೇಯೋ ಎಂಬುದನ್ನು ಚಿಮ್ಮುಬಾಲದ ಉದ್ದ ಕವಲು, ಅಂದರೆ ಡೆನ್ಸ್, ಹೇಳುತ್ತದೆ. ಬೆನ್ನಿನ ಕಡೆ ಅಡ್ಡ ಸುಕ್ಕುಸುಕ್ಕಾಗಿ, ತುದಿಗೆ ಸಪೂರವಾಗುತ್ತ ಬಾಗಿದ್ದರೆ ಮೊದಲನೆಯದು. ಸುಕ್ಕಿಲ್ಲದೆ ನೇರವಾಗಿದ್ದರೆ ಎರಡನೆಯದು. ಬಾಳೆ, ಶುಂಠಿ, ಅಡಿಕೆ ಸಸಿಯ ಎಲೆಯ ಮೇಲೆ ಉದ್ದ ಕಾಲು, ಮೈಗಿಂತ ಉದ್ದದ ಕುಡಿಮೀಸೆಯಿಟ್ಟು ಓಡಾಡುವ, ಮುಟ್ಟುವ ಮೊದಲೇ ಹಾರುವ ತೆಳು ಹಳದಿ ಮೈಯದು ಎಷ್ಟೋ ಸಲ ಪ್ಯಾರೊನೆಲ್ಲಿಡೇಯ ಸಲೀನಾ ಕುಲದ್ದು. ಮೈಮೇಲೆ ಹುರುಪೆ ಇಲ್ಲ, ಬಾಲದ ತುದಿಯ ಮ್ಯೂಕ್ರೊ ಚೌಕವಾಗಿ ಅಗಲ. ಪಟ್ಟೆ ನೋಡಿ ಇದನ್ನು ಎಂಟೊಮೊಬ್ರಯ ಎಂದು ಬರೆದಿಟ್ಟ ಚಿತ್ರಗಳು ಬೇಕಾದಷ್ಟಿವೆ.

ಹಿಡಿದಾಗ ಬೆಳ್ಳಿ, ಡಬ್ಬಿಯಲ್ಲಿ ಕಂದು

ಇದು ಎರಡು ಜಾತಿ ಅಲ್ಲ, ಒಂದೇ ಜೀವಿಯ ಎರಡು ಪದರ. ಮೇಲಿನದು ಹುರುಪೆ. ಬೆಳಕು ಬಿದ್ದ ಕೋನಕ್ಕೆ ತಕ್ಕಂತೆ ಬೆಳ್ಳಿ, ಬಂಗಾರ, ನೇರಳೆ ಎಂದು ಹೊಳೆಯುವುದು ಅದು. ಕೆಳಗಿನದು ಚರ್ಮದೊಳಗಿನ ಬಣ್ಣ. ನಿಜವಾದ ಪಟ್ಟೆ, ಚುಕ್ಕಿ ಇರುವುದು ಅಲ್ಲಿ. ಹುರುಪೆ ಪಾತರಗಿತ್ತಿಯ ರೆಕ್ಕೆಪುಡಿಯಷ್ಟೇ ಸಲೀಸಾಗಿ ಉದುರುತ್ತದೆ. ಹೀರುಕೊಳವೆಯಲ್ಲಿ ಎಳೆದರೆ ಉದುರುತ್ತದೆ, ಬ್ರಷ್ ತಾಗಿದರೆ ಉದುರುತ್ತದೆ, ಬಾಟಲಿ ಕುಲುಕಿದರೂ ಉದುರುತ್ತದೆ. ಅರ್ಧ ಉದುರಿದ ಮೈಯಲ್ಲಿ ತೇಪೆತೇಪೆಯಾಗಿ ಕಾಣುವುದನ್ನು ಪಟ್ಟೆ ಎಂದು ಬಿಡಿಸಿದರೆ ಆ ಪಟ್ಟೆ ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ.

ಹುರುಪೆ ಇತ್ತೋ ಇಲ್ಲವೋ ಎಂಬ ಪ್ರಶ್ನೆಗೆ ಮೈ ಉತ್ತರ ಕೊಡದಿದ್ದರೆ ಬಾಟಲಿಯ ತಳ ನೋಡಿ. ಡ್ರಾಪರ್‌ನಿಂದ ತಳದ ಒಂದು ಹನಿ ತೆಗೆದು ಸ್ಲೈಡ್ ಮೇಲೆ ಹಾಕಿ 400 ಪಟ್ಟಿನಲ್ಲಿ ನೋಡಿದರೆ ಗೀರುಗೀರಾದ ತೆಳು ಬಿಲ್ಲೆಗಳು ಸಿಗುತ್ತವೆ. ಆದರೆ ಒಂದೇ ಬಾಟಲಿಯಲ್ಲಿ ನಾಲ್ಕು ಜಾತಿ ತುಂಬಿಸಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ; ಹೊಳೆಯುವುದನ್ನು ಬೇರೆ ಬಾಟಲಿಗೆ ಹಾಕುವ ಅಭ್ಯಾಸ ಇದಕ್ಕೇ. ಹಿಡಿಯುವಾಗ ಕೊಳವೆ ಬೇಡ. ಬಾಟಲಿಯ ಬಾಯಿಯನ್ನು ಅದರ ಹಿಂದೆ ಹಿಡಿದು ಮುಂದಿನಿಂದ ಬ್ರಷ್ ತೋರಿಸಿದರೆ ತಾನೇ ಒಳಗೆ ಹಾರುತ್ತದೆ.

ಹುರುಪೆ ಇದೆ ಎಂದು ಗೊತ್ತಾದ ಮೇಲೆ ಮ್ಯೂಕ್ರೊ ನೋಡಬೇಕು. ಕುಡುಗೋಲಿನಂತೆ ಒಂದೇ ಹಲ್ಲಿದ್ದರೆ ಸೈರಾ ಕುಲದ ಕಡೆ ಹೋಗಿ. ಇದು ಒಣ ಜಾಗ ತಾಳುವ ಕುಲ, ಆದ್ದರಿಂದ ಏಪ್ರಿಲ್‌ನ ಸುಡುಬಿಸಿಲಿನಲ್ಲೂ ಗೋಡೆ, ಮರದ ತೊಗಟೆಯ ಮೇಲೆ ಸಿಕ್ಕಿದರೆ ಆಶ್ಚರ್ಯವಿಲ್ಲ. ಎರಡು ಹಲ್ಲು, ಬುಡದಲ್ಲೊಂದು ಮುಳ್ಳು, ಬದಿಗೆ ಎಂಟೆಂಟು ಕಣ್ಣು, ಚಿಮ್ಮುಬಾಲದ ಮೇಲೂ ಹುರುಪೆ ಇದ್ದರೆ ಲೆಪಿಡೊಸಿರ್ಟಸ್. ಇದರ ಕೆಲವು ಜಾತಿಗಳಲ್ಲಿ ಎದೆಯ ಎರಡನೇ ಖಂಡ ತಲೆಯ ಮೇಲೆ ಬಾಗಿ ಗೂನು ಬೆನ್ನಿನಂತೆ ಕಾಣುತ್ತದೆ. ಎರಡು ಹಲ್ಲು ಇವೆ, ಆದರೆ ಚಿಮ್ಮುಬಾಲದ ಮೇಲೆ ಹುರುಪೆ ಇಲ್ಲ ಎಂದಾದರೆ ವಿಲೋಸಿಯಾ. ಲೆಪಿಡೊಸಿರ್ಟಸ್‌ನಂತೆಯೇ ಇದ್ದು ಕಣ್ಣು ಎಂಟಕ್ಕಿಂತ ಕಡಿಮೆ ಇದ್ದರೆ ಸ್ಯೂಡೊಸಿನೆಲ್ಲಾ.

ಕಣ್ಣೆಣಿಕೆಯಲ್ಲೂ ಜಾಗ್ರತೆ ಬೇಕು. ಎಂಟು ಕಣ್ಣಿರುವಲ್ಲಿ ಒಳಬದಿಯ ಎರಡು ಉಳಿದವಕ್ಕಿಂತ ಸಣ್ಣವಾಗಿರುವುದು ಸಾಮಾನ್ಯ. ಕಪ್ಪು ಬಣ್ಣದ ಕಲೆಯಲ್ಲಿ ಅವು ಮುಳುಗಿ ಆರೇ ಇವೆ ಎನಿಸುತ್ತದೆ. ಲ್ಯಾಕ್ಟಿಕ್ ಆಮ್ಲದಲ್ಲಿ ತಿಳಿಯಾದ ಮೇಲೆ ಎಣಿಸಿದ ಸಂಖ್ಯೆಯನ್ನು ಮಾತ್ರ ಬರೆಯಿರಿ.

ಒಂದೇ ಕಲ್ಲಿನಡಿ ಮೂರು ಬಗೆಯ ಪಟ್ಟೆ

ಮೂರು ಜಾತಿ ಇರಬಹುದು, ಒಂದೇ ಇರಬಹುದು. ಸ್ಪ್ರಿಂಗ್‌ಟೇಲ್ ಬಲಿತ ಮೇಲೂ ಸಾಯುವ ತನಕ ಪೊರೆ ಕಳಚುತ್ತಲೇ ಇರುತ್ತದೆ. ಆಗಷ್ಟೇ ಕಳಚಿದ್ದು ಪೇಲವ. ಪೊರೆ ಬಿಡುವ ಮೊದಲು ಕರುಳು ಖಾಲಿಯಾಗುತ್ತದೆ, ಆಮೇಲೆ ತಿಂದದ್ದು ತುಂಬುತ್ತದೆ. ತೆಳು ಬಣ್ಣದ ಮೈಯಲ್ಲಿ ತುಂಬಿದ ಕರುಳು ಬೆನ್ನ ನಡುವಿನ ಕಪ್ಪು ಗೆರೆಯಾಗಿ ಕಾಣುತ್ತದೆ. ಈ ಸುಳ್ಳು ಗೆರೆಯನ್ನು ಪತ್ತೆ ಮಾಡಲು ಬದಿಯಿಂದ ನೋಡಿ: ಬಣ್ಣವಾದರೆ ಬೆನ್ನ ಚರ್ಮಕ್ಕೆ ಅಂಟಿರುತ್ತದೆ, ಕರುಳಾದರೆ ಮೈಯ ನಡುವಿನಲ್ಲಿ ಅಂಕುಡೊಂಕಾಗಿರುತ್ತದೆ. ಮರಿಗಳಲ್ಲಿ ಬಣ್ಣ ತೆಳು, ಪಟ್ಟೆ ಅಪೂರ್ಣ. ಅವನ್ನು ಇಟ್ಟುಕೊಂಡು ಜಾತಿ ತೀರ್ಮಾನಕ್ಕೆ ಇಳಿಯಲೇಬಾರದು.

ಪಟ್ಟೆಯನ್ನು ದಾಖಲಿಸುವ ಸರಿಯಾದ ಕ್ರಮ ಹೀಗೆ. ಒಂದು ಕಾಗದದಲ್ಲಿ ತಲೆಗೊಂದು, ಎದೆಗೆರಡು, ಉದರಕ್ಕೆ ಆರು ಎಂದು ಒಂಬತ್ತು ಚೌಕ ಬರೆದು ಪ್ರತಿಯೊಂದರಲ್ಲೂ ಬಣ್ಣ ಎಲ್ಲಿದೆ ಎಂದು ತುಂಬಿ: ಹಿಂದಿನ ಅಂಚಿನಲ್ಲೋ, ಬದಿಯಲ್ಲೋ, ನಡುವೆ ಅಡ್ಡಲಾಗಿಯೋ, ಉದ್ದಕ್ಕೋ. ‘ಕಂದು ಪಟ್ಟೆ ಇದೆ’ ಎಂಬ ಮಾತಿನಿಂದ ಯಾರಿಗೂ ಉಪಯೋಗವಿಲ್ಲ. ‘ಉದರದ ಮೂರನೇ ಖಂಡ ಪೂರ್ತಿ ಕಪ್ಪು, ನಾಲ್ಕನೆಯದರ ಹಿಂದಿನ ಅಂಚಿನಲ್ಲಿ ನಡುವೆ ಕಡಿದ ಪಟ್ಟಿ’ ಎಂದರೆ ಕೆಲಸಕ್ಕೆ ಬರುತ್ತದೆ. ಹತ್ತು ಬಲಿತವುಗಳ ಚೌಕ ತುಂಬಿದ ಮೇಲೆ ನೋಡಿ. ದಟ್ಟದಿಂದ ತೆಳುವಿನವರೆಗೆ ನಡುನಡುವಿನ ರೂಪಗಳು ಸಿಕ್ಕಿದರೆ ಒಂದೇ ಜಾತಿಯ ಏರಿಳಿತ ಎಂದು ಎಣಿಸಬಹುದು. ಎರಡು ಮಾದರಿ ಮಾತ್ರ ಸಿಕ್ಕಿ ನಡುವಿನದು ಒಂದೂ ಇಲ್ಲವಾದರೆ ರೋಮಗಳ ಜೋಡಣೆ ನೋಡಿಯೇ ತೀರ್ಮಾನಿಸಬೇಕು.

ಆಲ್ಕೋಹಾಲ್ ಎಲ್ಲ ಬಣ್ಣವನ್ನೂ ಒಂದೇ ರೀತಿ ಉಳಿಸುವುದಿಲ್ಲ. ನೀಲಿ, ನೇರಳೆ ಬಹುಕಾಲ ನಿಲ್ಲುತ್ತವೆ, ಬೆಳಕಿಗಿಟ್ಟರೆ ಮಾತ್ರ ಮಂಕಾಗುತ್ತವೆ. ಕೆಂಪು, ಕಿತ್ತಳೆ, ಹಳದಿ ಬೇಗ ಕರಗಿಹೋಗುತ್ತವೆ. ಕೊಳೆತ ಮರದಡಿ ಸಿಗುವ ನಿಯಾನುರಿಡೇ ಕುಟುಂಬದ ಗಂಟುಗಂಟಾದ ಕೆಂಪು ಜೀವಿಗಳಂತೂ ಬಾಟಲಿಯಲ್ಲಿ ಬಿಳಿಯಾಗಿಬಿಡುತ್ತವೆ. ಈ ಕಾರಣಕ್ಕೆ ಆಲ್ಕೋಹಾಲ್‌ಗೆ ಹಾಕುವ ಮೊದಲೇ ಚಿತ್ರ ತೆಗೆಯಬೇಕು. ಬಾಟಲಿಯನ್ನು ಐದು ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಓಟ ನಿಲ್ಲುತ್ತದೆ, ಫ್ರೀಜರ್ ಬೇಡ. ಹೊರತೆಗೆದ ಕೂಡಲೇ ನಮ್ಮ ಕಡೆಯ ಗಾಳಿಯಲ್ಲಿ ಗಾಜಿಗೆ ಬೆವರು ಕೂರುತ್ತದೆ; ಮುಚ್ಚಳ ತೆರೆದು ಜೀವಿಯನ್ನು ಒಣ ಕಾಗದಕ್ಕೆ ಜಾರಿಸಿಯೇ ತೆಗೆಯಿರಿ. ಅದು ಮಿಲಿಮೀಟರ್ ಗ್ರಾಫ್ ಕಾಗದವಾಗಿದ್ದರೆ ಅಳತೆಯೂ ಸಿಕ್ಕಿತು. ಫ್ಲ್ಯಾಷ್ ಮುಂದೆ ಬಿಳಿ ಕಾಗದ ಹಿಡಿಯದಿದ್ದರೆ ಹುರುಪೆಯ ಹೊಳಪು ಉಳಿದುದನ್ನೆಲ್ಲ ನುಂಗುತ್ತದೆ. ಮೊಬೈಲ್ ಕ್ಯಾಮೆರಾ ತಾನಾಗಿ ಚಿತ್ರವನ್ನು ನಯ ಮಾಡುವಾಗ ಸಣ್ಣ ರೋಮಗಳು ಅಳಿಸಿಹೋಗುವುದೂ ಇದೆ, ಆದ್ದರಿಂದ ‘ರೋಮ ಇಲ್ಲ’ ಎಂಬುದನ್ನು ಫೋಟೋ ನೋಡಿ ಬರೆಯಬೇಡಿ.

ಬಿಳಿಯದೆಲ್ಲ ಫೋಲ್ಸೋಮಿಯಾ ಅಲ್ಲ

ಟೆರೇರಿಯಂ ಇಟ್ಟವರು, ಕೊಕೊಪೀಟ್‌ನಲ್ಲಿ ಸಸಿ ಬೆಳೆಸುವವರು ಬಿಳಿ ಸ್ಪ್ರಿಂಗ್‌ಟೇಲ್ ಕಂಡರೆ ಫೋಲ್ಸೋಮಿಯಾ ಕ್ಯಾಂಡಿಡಾ ಎಂದು ಬರೆದು ಮುಗಿಸುತ್ತಾರೆ. ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಸಾಕುವುದು ಅದನ್ನೇ ಆದ್ದರಿಂದ ಹೆಸರು ಬಾಯಿಗೆ ಬೇಗ ಬರುತ್ತದೆ. ಆದರೆ ಬಿಳಿ ಬಣ್ಣ ಮಣ್ಣಿನೊಳಗಿನ ಬದುಕಿನ ಗುರುತು, ಕುಟುಂಬದ ಗುರುತಲ್ಲ. ಸಂಬಂಧವಿಲ್ಲದ ಹಲವು ಗುಂಪುಗಳು ಕತ್ತಲೆಯಲ್ಲಿ ಬಣ್ಣವನ್ನೂ ಕಣ್ಣನ್ನೂ ಕಳೆದುಕೊಂಡಿವೆ.

ಮೊದಲು ಚಿಮ್ಮುಬಾಲ ಹುಡುಕಿ. ಇಲ್ಲವೇ ಇಲ್ಲ, ಕಾಲು ಕುಡಿಮೀಸೆ ಎರಡೂ ಗಿಡ್ಡ, ನಿಧಾನ ನಡೆ ಎಂದಾದರೆ ಓನಿಕಿಯೂರಿಡೇ ಅಥವಾ ಟುಲ್ಬರ್ಗಿಯಿಡೇ. ಇವುಗಳ ಮೈಮೇಲೆ ಸ್ಯೂಡೋಸೆಲ್ಲಸ್ ಎಂಬ ಸಣ್ಣ ಉಂಗುರದಂಥ ರಂಧ್ರಗಳಿವೆ. ಓನಿಕಿಯೂರಿಡೇಯವನ್ನು ಬ್ರಷ್‌ನಿಂದ ಚುಚ್ಚಿದರೆ ಅಲ್ಲಿಂದ ಹನಿ ಜಿನುಗುವುದನ್ನು 40 ಪಟ್ಟಿನಲ್ಲಿ ನೋಡಬಹುದು. ವೈರಿಯನ್ನು ಓಡಿಸಲು ಅವುಗಳ ಉಪಾಯ ಅದು, ಹಾರಿ ತಪ್ಪಿಸಿಕೊಳ್ಳಲು ಬಾಲವಿಲ್ಲವಲ್ಲ.

ಚಿಮ್ಮುಬಾಲ ಇದೆ ಎಂದಾದರೆ ಮತ್ತೆ ಖಂಡ ನೋಡಬೇಕು. ಉದರದ ನಾಲ್ಕು, ಐದು, ಆರನೇ ಖಂಡಗಳು ಗೆರೆಯಿಲ್ಲದೆ ಒಂದೇ ತುಂಡಾಗಿ ಬೆಸೆದಿದ್ದರೆ ಫೋಲ್ಸೋಮಿಯಾ ಕುಲ. ಕ್ಯಾಂಡಿಡಾ ಆದರೆ ಕಣ್ಣು ಸೊನ್ನೆ, ಕುಡಿಮೀಸೆಯ ಬುಡದ ಹಿಂದೆ ಉದ್ದನೆಯ ಸಪೂರ ಅಂಗವೊಂದು ಇರುತ್ತದೆ. ನಾಲ್ಕನೇ ಖಂಡ ಬೇರೆಯಾಗಿ, ಉದ್ದವಾಗಿ ಎದ್ದು ಕಂಡರೆ ಅದು ಫೋಲ್ಸೋಮಿಯಾ ಆಗುವ ಪ್ರಶ್ನೆಯೇ ಇಲ್ಲ. ಹುರುಪೆ ಇಲ್ಲ, ಮ್ಯೂಕ್ರೊ ಕುಡುಗೋಲಿನಂತೆ ಎಂದಾದರೆ ಕೋಇಕೊಬ್ರಯ. ಸಾಕುವವರ ಡಬ್ಬಿಗಳಲ್ಲಿ ‘ಟ್ರಾಪಿಕಲ್ ವೈಟ್’ ಎಂದು ಕೈಬದಲಾಗುವುದು ಎಷ್ಟೋ ಸಲ ಇದೇ ಕುಲದ್ದು. ಹುರುಪೆ ಇಲ್ಲದೆ ಮ್ಯೂಕ್ರೊಗೆ ಎರಡು ಹಲ್ಲಿದ್ದರೆ ಸಿನೆಲ್ಲಾ. ಬದಿಗೆರಡು ಕಣ್ಣಿನ ಸಿನೆಲ್ಲಾ ಕರ್ವಿಸೆಟಾ ಕೂಡ ಸಾಕಣೆಯಲ್ಲಿದೆ.

ಹುತ್ತ ಅಥವಾ ಇರುವೆ ಗೂಡು ಕೆದಕಿದಾಗ ಸಿಕ್ಕ ಬಿಳಿಯದಾದರೆ ಸೈಫೋಡೆರಸ್ ಇರಬಹುದು ಎಂದುಕೊಂಡೇ ಶುರು ಮಾಡಿ. ಕಣ್ಣಿಲ್ಲ, ಮೈತುಂಬ ಹುರುಪೆ, ಡೆನ್ಸ್ ಮೇಲೆ ಎರಡು ಸಾಲು ದೊಡ್ಡ ಗರಿಯಂಥ ಹುರುಪೆಗಳು. ಈ ಗರಿಗಳು ಕಂಡರೆ ಬೇರೆ ಏನೂ ಬೇಡ, ಅಷ್ಟು ಸ್ಪಷ್ಟ ಗುರುತು ಈ ಇಡೀ ವರ್ಗದಲ್ಲಿ ಅಪರೂಪ.

ಆ್ಯಪ್ ಕೊಟ್ಟ ಹೆಸರು

ಆ್ಯಪ್‌ಗಳು ಕಲಿತದ್ದು ಹೆಚ್ಚಾಗಿ ಯುರೋಪ್, ಅಮೆರಿಕದ ಚಿತ್ರಗಳಿಂದ. ಪಾಗಾರದ ಪಾಚಿಯ ಮೇಲಿನ ಪಟ್ಟೆಯ ಜೀವಿಗೆ ಆರ್ಕೆಸೆಲ್ಲಾ ಸಿಂಕ್ಟಾ ಎಂದೋ ಎಂಟೊಮೊಬ್ರಯ ನಿವಾಲಿಸ್ ಎಂದೋ ಬರುವುದು ಇದರಿಂದ. ಆರ್ಕೆಸೆಲ್ಲಾ ಎಂದು ಬಂದರೆ ಕುಡಿಮೀಸೆಯ ಗಂಟು ಎಣಿಸಿ. ಆ ಕುಲಕ್ಕೆ ಆರು ಇರಬೇಕು. ನಾಲ್ಕಿದ್ದರೆ ಹೆಸರು ಬಿದ್ದುಹೋಯಿತು. ಆರೇ ಇದ್ದು ಮೈಮೇಲೆ ಹುರುಪೆಯೂ ಇದ್ದರೆ ಉಷ್ಣವಲಯದ ಡೈಕ್ರಾನೊಸೆಂಟ್ರಸ್ ಕಡೆ ನೋಡಬೇಕು. ಆರ್ಕೆಸೆಲ್ಲಾಗೆ ಹುರುಪೆ ಇಲ್ಲ. ಎಣಿಸುವಾಗ ಎರಡೂ ಬದಿ ನೋಡಿ. ತುಂಡಾದ ಕುಡಿಮೀಸೆ ಪೊರೆ ಕಳಚುತ್ತ ಮತ್ತೆ ಬೆಳೆಯುತ್ತದೆ, ಆದರೆ ಗಂಟು ಕಡಿಮೆ ಬರಬಹುದು. ಎಡಬಲ ಒಂದೇ ರೀತಿ ಇಲ್ಲದಿದ್ದರೆ ಬೇರೆ ಜೀವಿಯನ್ನು ತೆಗೆದುಕೊಳ್ಳಿ.

ಎಂಟೊಮೊಬ್ರಯ ಎಂದು ಬಂದಲ್ಲಿ ಹೊಮಿಡಿಯಾ ಅಲ್ಲವೆಂದು ಖಾತ್ರಿ ಮಾಡಬೇಕು. ಎರಡಕ್ಕೂ ಹುರುಪೆ ಇಲ್ಲ, ಎರಡರ ಮ್ಯೂಕ್ರೊಗೂ ಎರಡು ಹಲ್ಲು. ಬಲಿತ ಹೊಮಿಡಿಯಾದ ಡೆನ್ಸ್ ಬುಡದ ಒಳಬದಿಯಲ್ಲಿ ಮುಳ್ಳುಗಳಿವೆ, ಎಂಟೊಮೊಬ್ರಯಕ್ಕಿಲ್ಲ. ಇದು ಏಷ್ಯಾದ ಕುಲ, ಆ್ಯಪ್‌ಗೆ ಅಷ್ಟು ಪರಿಚಯವಿಲ್ಲ. ರಸ್ತೆಬದಿಯ ಹೊಂಡದ ನೀರಿನ ಮೇಲೆ ಬೂದಿ ಎರಚಿದಂತೆ ತೇಲುವ ಗುಂಪಿಗೆ ಪೋಡುರಾ ಅಕ್ವಾಟಿಕಾ ಎಂದು ಬಂದರೂ ನಂಬಬೇಡಿ. ಅದು ಉತ್ತರದ ತಂಪು ನಾಡುಗಳದ್ದು. ಹೈಪೊಗ್ಯಾಸ್ಟ್ರುರಿಡೇ, ಐಸೊಟೊಮಿಡೇ ಎರಡೂ ಹಾಗೆ ಗುಂಪುಗೂಡುತ್ತವೆ. ಮೊದಲ ಎದೆಖಂಡ ಕಂಡರೆ ಮೊದಲನೆಯದು; ಅದರಲ್ಲೂ ಬದಿಗೆ ಐದೇ ಕಣ್ಣಿದ್ದರೆ ಕ್ಸೆನಿಲ್ಲಾ ಎಂದು ತಿಳಿಯಿರಿ.

ಹಳೆಯ ವಿವರಣೆಗಳಲ್ಲೂ ಇದೇ ತೊಡಕು. ಕೀಟಶಾಸ್ತ್ರಜ್ಞ ಎ. ಡಿ. ಇಮ್ಸ್ 1912ರಲ್ಲಿ ಭಾರತ, ಬರ್ಮಾ, ಸಿಲೋನ್‌ನ ಸ್ಪ್ರಿಂಗ್‌ಟೇಲ್‌ಗಳ ಬಗ್ಗೆ ಬರೆದ ಕಾಲದಲ್ಲಿ ಬಣ್ಣ, ಒಟ್ಟು ಆಕಾರ, ಉಗುರು, ಮ್ಯೂಕ್ರೊಗಳೇ ಜಾತಿಯ ಆಧಾರ. ಒಂದೊಂದು ರೋಮಕ್ಕೂ ಸಂಕೇತ ಕೊಟ್ಟು ನಕ್ಷೆ ಬರೆಯುವ ಪದ್ಧತಿ ಗಟ್ಟಿಯಾದದ್ದು ಆಮೇಲೆ. ಹಾಗಾಗಿ ಹಳೆಯ ಬಣ್ಣದ ವಿವರಣೆ ನಿಮ್ಮ ಜೀವಿಗೆ ಅಕ್ಷರಶಃ ಹೊಂದಿದರೂ ಅದು ಆ ಜಾತಿಯೇ ಎಂದು ಸಾಬೀತಾಗುವುದಿಲ್ಲ.

ಉಂಡೆ ಮೈಯವು

ಗದ್ದೆಯ ಕಟ್ಟಪುಣಿಯ ಹುಲ್ಲು, ತರಕಾರಿ ಎಲೆ, ಕೆರೆಯಂಚಿನ ಕೆಸರು ಇವುಗಳ ಜಾಗ. ಇಲ್ಲಿ ಕುಡಿಮೀಸೆಯ ಕೊನೆಯ ಎರಡು ಗಂಟು ನೋಡಿದರೆ ಅರ್ಧ ಕೆಲಸ ಆಗುತ್ತದೆ. ನಾಲ್ಕನೆಯದು ಮೂರನೆಯದಕ್ಕಿಂತ ಗಿಡ್ಡವಾದರೆ ಡೈಸಿರ್ಟೊಮಿಡೇ. ಉದ್ದವಾಗಿದ್ದರೆ ಉಳಿದ ಕುಟುಂಬಗಳಲ್ಲಿ ಒಂದು. ಕಾಲಿನ ತುದಿಯಲ್ಲಿ ಗದೆಯಂತೆ ದಪ್ಪ ತುದಿಯ ರೋಮಗಳು ಒತ್ತಾಗಿದ್ದರೆ ಬೌರ್ಲೆಟಿಯೆಲ್ಲಿಡೇ. ಒಂದೇ ಜಾಗದಲ್ಲಿ ದೊಡ್ಡದೊಂದು, ಸಣ್ಣದೊಂದು ಕಂಡು, ಸಣ್ಣದರ ಕುಡಿಮೀಸೆ ನಡುವೆ ಕೊಕ್ಕೆಯಂತೆ ತಿರುಚಿದ್ದರೆ ಅದು ಬೇರೆ ಜಾತಿಯಲ್ಲ. ಸ್ಮಿಂಥುರಿಡಿಡೇ ಕುಟುಂಬದಲ್ಲಿ ಗಂಡು ಹೆಣ್ಣಿನ ಕುಡಿಮೀಸೆಯನ್ನು ಹಿಡಿದುಕೊಳ್ಳುವುದು ಆ ಕೊಕ್ಕೆಯಿಂದಲೇ.

ಸ್ಲೈಡ್ ಕೆಟ್ಟರೆ

ಮೈ ತಿಳಿಯಾಗದೆ ಕಪ್ಪಾಗಿಯೇ ಉಳಿದರೆ ಲ್ಯಾಕ್ಟಿಕ್ ಆಮ್ಲದಲ್ಲಿ ಇನ್ನೊಂದೆರಡು ದಿನ ಬಿಡಿ, ಇಲ್ಲವೇ ಸ್ಲೈಡನ್ನು ಹದವಾಗಿ ಬಿಸಿ ಮಾಡಿ, ಕುದಿಯಬಾರದು. ತೀರಾ ದಟ್ಟ ಬಣ್ಣದ್ದಾದರೆ 5ರಿಂದ 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕೆಲವೇ ನಿಮಿಷ ಅದ್ದಿ, ಕಣ್ಣು ಕೀಳದೆ ನೋಡುತ್ತಿದ್ದು, ಬಣ್ಣ ತೆಳುವಾದ ಕೂಡಲೇ ತೆಗೆದು ನೀರಿನಲ್ಲಿ ತೊಳೆದು ಲ್ಯಾಕ್ಟಿಕ್ ಆಮ್ಲಕ್ಕೆ ಹಾಕಬೇಕು. ಹೊತ್ತು ಮೀರಿದರೆ ಚರ್ಮ ಮೆತ್ತಗಾಗಿ ರೋಮ ಉದುರುತ್ತದೆ. ಆಗ ರೋಮ ಬಿದ್ದ ಕುಳಿಗಳು ಮಾತ್ರ ಕಾಣುತ್ತವೆ. ಕುಳಿಯನ್ನೂ ಎಣಿಸಬಹುದು, ಆದರೆ ರೋಮದ ಉದ್ದ, ರೂಪ ಹೋಯಿತು.

ತಲೆ ಮತ್ತು ಚಿಮ್ಮುಬಾಲವನ್ನು ಸಪೂರ ಸೂಜಿಯಿಂದ ಬೇರ್ಪಡಿಸಿ ಪಕ್ಕದಲ್ಲೇ ಇಡಿ. ಇಡೀ ಮೈಯನ್ನು ಒಟ್ಟಿಗೆ ಕವರ್‌ಸ್ಲಿಪ್ ಅಡಿ ಒತ್ತಿದರೆ ಮ್ಯೂಕ್ರೊ ಹೊಟ್ಟೆಯಡಿ ಸಿಕ್ಕಿಕೊಂಡು ಹಲ್ಲು ಎಣಿಸಲಾಗುವುದಿಲ್ಲ. ಮ್ಯೂಕ್ರೊ ಬದಿಯಿಂದ ಕಾಣಬೇಕು. ಮೇಲಿನಿಂದ ನೋಡಿದರೆ ಎರಡು ಹಲ್ಲು ಒಂದರ ಮೇಲೊಂದು ಕೂತು ಕುಡುಗೋಲಿನಂತೆಯೇ ಕಾಣುತ್ತದೆ, ಲೆಪಿಡೊಸಿರ್ಟಸ್ ಸೈರಾ ಆಗಿಬಿಡುತ್ತದೆ.

ಹೋಯರ್ ಮಾಧ್ಯಮದಲ್ಲಿ (ಜೀವಿಯನ್ನು ಸ್ಲೈಡ್ ಮೇಲೆ ಕಾಯಂ ಆಗಿ ಕೂರಿಸುವ ಅಂಟುದ್ರವ) ಕೂರಿಸಿದ ಸ್ಲೈಡ್ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾನಾಗಿ ಒಣಗುವುದಿಲ್ಲ; ಆ ಮಾಧ್ಯಮ ಗಾಳಿಯ ತೇವ ಹೀರುತ್ತದೆ. 40ರಿಂದ 50 ಡಿಗ್ರಿಯಲ್ಲಿ ಒಂದು ವಾರ ಒಣಗಿಸಿ, ಕವರ್‌ಸ್ಲಿಪ್‌ನ ಸುತ್ತ ಉಗುರುಬಣ್ಣದ ಎರಡು ಸುತ್ತು ಹಚ್ಚಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮಲಗಿಸಿಡಿ.

ಜರಡಿ ಕೊಳವೆಯಲ್ಲಿ ಏನೂ ಬೀಳದಿದ್ದರೆ

ಜರಡಿಯ ಮೇಲೆ ಮಣ್ಣು, ತರಗೆಲೆ ಹಾಕಿ, ಮೇಲಿನ ಬಲ್ಬಿನ ಶಾಖದಿಂದ ಜೀವಿಗಳನ್ನು ಕೆಳಗಿನ ಬಾಟಲಿಗೆ ಇಳಿಸುವ ಸಾಧನವೇ ಬರ್ಲೀಸ್ ಕೊಳವೆ. ಅದನ್ನು ಕಟ್ಟುವವರು ಈಗ ಎಲ್‌ಇಡಿ ಬಲ್ಬ್ ಹಾಕುತ್ತಾರೆ, ಅದಕ್ಕೆ ಬೆಳಕಿದೆ, ಶಾಖ ಇಲ್ಲ. ಮೇಲಿನಿಂದ ಮಣ್ಣು ಒಣಗುತ್ತ ಬಂದರೆ ಮಾತ್ರ ಜೀವಿಗಳು ಕೆಳಗಿಳಿಯುತ್ತವೆ. 25 ಅಥವಾ 40 ವ್ಯಾಟ್‌ನ ತಂತಿ ಬಲ್ಬ್ ಬೇಕು, ಮಣ್ಣಿನಿಂದ 15–20 ಸೆಂಟಿಮೀಟರ್ ಮೇಲೆ. ತೀರಾ ಹತ್ತಿರ ತಂದರೆ ಮೇಲ್ಪದರ ಬೇಗ ಒಣಗಿ ಸಣ್ಣವು ಇಳಿಯುವ ಮೊದಲೇ ಸಾಯುತ್ತವೆ. ಆಟಿಯ ಮಳೆಯಲ್ಲಿ ತಂದ ತೊಯ್ದ ತರಗೆಲೆ ಇಳಿಯಲು ನಾಲ್ಕರಿಂದ ಏಳು ದಿನ ಬೇಕು. ನಡುವೆ ಕರೆಂಟು ಹೋದಷ್ಟು ಹೊತ್ತನ್ನು ಕೂಡಿಸಿಕೊಳ್ಳಿ. ಮಣ್ಣು ಕೊಳವೆಯ ಗೋಡೆಗೆ ತಾಗದಂತೆ ಸುತ್ತ ಬೆರಳಷ್ಟು ಜಾಗ ಬಿಡಬೇಕು, ಗೋಡೆಯ ನೀರಹನಿಗೆ ಅಂಟಿದವು ಬಾಟಲಿ ತಲಪುವುದಿಲ್ಲ. ಜರಡಿಯ ಕಣ್ಣು 2 ಮಿಲಿಮೀಟರ್ ಸಾಕು.

ಎಲ್ಲಿಯವರೆಗೆ ಹೆಸರಿಡಬಹುದು

ಮೇಲಿನಿಂದ ತೆಗೆದ ಒಂದು ಫೋಟೋ ಮಾತ್ರ ಇದ್ದರೆ ಗಣ, ಹೆಚ್ಚೆಂದರೆ ಕುಟುಂಬ. ಬದಿಯ ಚಿತ್ರವೂ ಇದ್ದು ಹುರುಪೆಯ ವಿಷಯ ಖಚಿತವಿದ್ದರೆ ಕೆಲವೊಮ್ಮೆ ಕುಲ. ಮ್ಯೂಕ್ರೊ, ಕಣ್ಣು, ಉಗುರಿನ ಹಲ್ಲು ಸ್ಲೈಡ್‌ನಲ್ಲಿ ನೋಡಿದ್ದರೆ ಕುಲ ಧೈರ್ಯವಾಗಿ ಬರೆಯಬಹುದು. ಜಾತಿಯ ಹೆಸರಿಗೆ ಬೆನ್ನಿನ ರೋಮಗಳ ನಕ್ಷೆ ಬೇಕು, ಅದನ್ನು ಆ ಕುಲದ ಮೇಲೆ ಕೆಲಸ ಮಾಡಿದವರಿಗೆ ತೋರಿಸಬೇಕು. ‘ಲೆಪಿಡೊಸಿರ್ಟಸ್, ಜಾತಿ ತಿಳಿಯದು’ ಎಂದು ಬರೆಯುವುದರಲ್ಲಿ ಅವಮಾನವೇನೂ ಇಲ್ಲ. ತಪ್ಪು ಜಾತಿಯ ಹೆಸರು ಒಮ್ಮೆ ಪಟ್ಟಿಗೆ ಸೇರಿದರೆ ಅದನ್ನು ತೆಗೆಯಲು ಹತ್ತು ಜನ ಬೇಕಾಗುತ್ತದೆ.

ತೋರಿಸಲು ಕಳಿಸುವಾಗ ಬಾಟಲಿಯೊಳಗೆ ಚೀಟಿ ಇರಲಿ. ಊರು, ತಾಲೂಕು, ಅಕ್ಷಾಂಶ ರೇಖಾಂಶ, ತಾರೀಕು, ಸಿಕ್ಕ ಜಾಗ, ಹಿಡಿದ ವಿಧಾನ, ಜೀವಂತವಿದ್ದಾಗಿನ ಬಣ್ಣ ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಲ್‌ಪೆನ್ ಶಾಯಿ ಆಲ್ಕೋಹಾಲ್‌ನಲ್ಲಿ ಹರಡಿ ಜೀವಿಗೂ ನೀಲಿ ಬಳಿಯುತ್ತದೆ. ಡಿಎನ್‌ಎ ಪರೀಕ್ಷೆಯ ಯೋಚನೆ ಇದ್ದರೆ ಅದೇ ಗುಂಪಿನ ನಾಲ್ಕಾರನ್ನು ಬೇರೆ ಬಾಟಲಿಯಲ್ಲಿ 95 ಶೇಕಡಾ ಎಥನಾಲ್‌ಗೆ ಹಾಕಿ ಫ್ರೀಜರ್‌ನಲ್ಲಿಡಿ, ಎರಡೂ ಬಾಟಲಿಗೆ ಒಂದೇ ಸಂಖ್ಯೆ ಕೊಡಿ.